ಬಂಗಾರಪೇಟೆಯಿಂದ ಬಲ್ಲಾರತ್‌ಗೆ, ಮಣ್ಣು ತೊಳೆಯಲು

ಮೆಲ್ಬರ್ನ್ ವಿಮಾನ ಇಳಿಯುವ ಮುಂಚೆ ಒಂದು ಕಾರ್ಡು ಕೊಡುತ್ತಾರೆ. ತಿಂಡಿ ತಂದಿದ್ದೀರಾ, ಬೀಜ ತಂದಿದ್ದೀರಾ, ಮರದ ಸಾಮಾನು ತಂದಿದ್ದೀರಾ ಅಂತ ಕೇಳುವ ಪಟ್ಟಿಯಲ್ಲಿ ಮಣ್ಣೂ ಇದೆ. ಬೂಟಿಗೆ ಮೆತ್ತಿಕೊಂಡ ಮಣ್ಣನ್ನೂ ಬಿಡದೆ ಬರೆಯಬೇಕು. ನನ್ನ ಹೆಂಡತಿಗೆ ಸರ್ಕಾರಿ ಕಾಗದದಲ್ಲಿ ಸುಳ್ಳು ಬರೆದು ಗೊತ್ತಿಲ್ಲ. ಬಂಗಾರಪೇಟೆಯ ನಮ್ಮ ಹಿತ್ತಲ ಮಣ್ಣು ನನ್ನ ಬೂಟಿನಲ್ಲಿದೆ ಅಂತ ಬರೆಸಿಯೇಬಿಟ್ಟಳು. ಅಧಿಕಾರಿಯೊಬ್ಬರು ಬೂಟನ್ನು ಎರಡು ಬೆರಳಲ್ಲಿ ಎತ್ತಿಕೊಂಡು ಒಳಗೆ ಹೋದರು. ತೊಳೆದು, ಒರೆಸಿ, ತಂದು ಕೊಟ್ಟರು. ನನ್ನ ಮದುವೆಯಾಗಿ 38 ವರ್ಷ. ನನ್ನ ಬೂಟನ್ನು ಇನ್ನೊಬ್ಬರು ತೊಳೆದದ್ದು ಅದೇ ಮೊದಲು.

ಒಂದು ಚಿಟಿಕೆ ಮಣ್ಣನ್ನು ಒಳಗೆ ಬಿಡದ ಆ ದೇಶ, ನಾಲ್ಕೇ ದಿನಕ್ಕೆ ನನ್ನ ಕೈಗೆ ಗುದ್ದಲಿ ಕೊಟ್ಟು ತನ್ನ ಮಣ್ಣನ್ನು ಅಗಿ ಅಂದಿತು. ಸುಮ್ನೆ ಅಲ್ಲ, ದುಡ್ಡು ಕಟ್ಟಿ ಅಗಿ ಅಂದಿತು.

ಐಡಿಯಾ ಮಗನದು. "ಅಪ್ಪಾ, ಶನಿವಾರ ಗೋಲ್ಡ್ ಹುಡುಕೋಕೆ ಹೋಗೋಣ. ಇಲ್ಲಿ ಎಲ್ಲರೂ ಫ್ಯಾಮಿಲಿ ಸಮೇತ ಹೋಗ್ತಾರೆ" ಅಂದ. ಮೊದಲೆಲ್ಲ ಊರಿಂದ ಬಂದ ಅಪ್ಪ ಅಮ್ಮನಿಗೆ ಕಾಂಗರೂ ತೋರಿಸುತ್ತಿದ್ದರು, ಪೆಂಗ್ವಿನ್ ತೋರಿಸುತ್ತಿದ್ದರು. ಈಗ ಗುಂಡಿ ತೋಡಿಸುತ್ತಾರೆ.

ಹೇಳಿದ್ದು ಯಾರಿಗೆ ನೋಡಿ. ನಮ್ಮೂರಿನ ಹೆಸರಲ್ಲೇ ಬಂಗಾರ ಇದೆ. ನಿಜ ಹೇಳಬೇಕೆಂದರೆ ಅದು ಬೌರಿಂಗ್ ಸಾಹೇಬನ ಪೇಟೆ, ನಮ್ಮವರ ಬಾಯಲ್ಲಿ ಉರುಳಿ ಉರುಳಿ ಬಂಗಾರವಾಯಿತು. ಅಲ್ಲಿಂದ ಒಂದು ಲೋಕಲ್ ಟ್ರೈನು ಹತ್ತಿದರೆ ಕೆಜಿಎಫ್. ನಮ್ಮ ದೊಡ್ಡಪ್ಪ ಚಾಂಪಿಯನ್ ರೀಫ್‌ನಲ್ಲಿ ಕೆಲಸ ಮಾಡಿದವರು. ನೆಲದಿಂದ 3 ಕಿಲೋಮೀಟರಿಗೂ ಆಳ ಹೋದ ಗಣಿ ಅದು. ದೊಡ್ಡಪ್ಪನ ಮನೆಗೆ ಗಣಿಯಿಂದ ಬಂದದ್ದು ಸಂಬಳ ಮತ್ತು ಕೆಮ್ಮು, ಎರಡೇ. ಕೆಮ್ಮು ಪಿಂಚಣಿಗಿಂತ ಜಾಸ್ತಿ ವರ್ಷ ಬಂತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದರು. ಅವರು ಬದುಕಿದ್ದಷ್ಟು ದಿನವೂ 'ಈ ಭಾನುವಾರ ರಜ, ಖುಷಿಗೆ ಒಂದು ಸಲ ಗಣಿಗೆ ಇಳಿದು ಬರೋಣ' ಅಂದದ್ದು ನನಗಂತೂ ನೆನಪಿಲ್ಲ.

ಮಗ ಮೊಬೈಲಿನಲ್ಲಿ ಏನೋ ಒತ್ತಿದ. ನನ್ನ ಹೆಸರಿಗೆ 'ಮೈನರ್ಸ್ ರೈಟ್' ಬಂದೇಬಿಟ್ಟಿತು. ವಿಕ್ಟೋರಿಯಾ ರಾಜ್ಯದಲ್ಲಿ ಚಿನ್ನ ಹುಡುಕಲು ಸರ್ಕಾರ ಕೊಡುವ ಹಕ್ಕುಪತ್ರ ಇದು. ಒಂದು ಪಿಜ್ಜಾದ ದುಡ್ಡು. 10 ವರ್ಷ ನಡೆಯುತ್ತೆ. ಸಿಕ್ಕಿದ ಚಿನ್ನ ನಮ್ಮದೇ. ಅಗೆಯಲು ಕೈಸಾಮಾನು ಮಾತ್ರ ಬಳಸಬೇಕು, ಮೆಷಿನ್ನಿನಲ್ಲಿ ಅಗೆಯುವ ಹಾಗಿಲ್ಲ, ತೋಡಿದ ಗುಂಡಿ ಮುಚ್ಚಿ ಬರಬೇಕು. ಹತ್ತು ವರ್ಷ ಅಂದದ್ದು ಕೇಳಿ ಹೆಂಡತಿ ನನ್ನ ಬಿಪಿ ಮಾತ್ರೆಯ ಡಬ್ಬಿ ನೋಡಿದಳು, ನನ್ನನ್ನು ನೋಡಿದಳು, ಏನೂ ಅನ್ನಲಿಲ್ಲ.

ಈ ಕಾಗದಕ್ಕೆ ರಕ್ತದ ಕಥೆ ಇದೆ. 1854ರಲ್ಲಿ, ನಾವು ಹೋಗಲಿದ್ದ ಬಲ್ಲಾರತ್ ಊರಿನಲ್ಲೇ, ಚಿನ್ನ ಅಗೆಯುವವರು ದಂಗೆ ಎದ್ದರು. ಚಿನ್ನ ಸಿಗಲಿ ಬಿಡಲಿ, ಲೈಸೆನ್ಸ್ ದುಡ್ಡು ಕಟ್ಟಲೇಬೇಕಿತ್ತು. ಪೊಲೀಸರು ಬಂದು ಲೈಸೆನ್ಸ್ ತೋರಿಸು ಅಂತ ಜೀವ ತಿನ್ನುತ್ತಿದ್ದರು. ಜನ ಲೈಸೆನ್ಸುಗಳನ್ನು ಸುಟ್ಟು, ಯುರೇಕಾ ಎಂಬ ಜಾಗದಲ್ಲಿ ಮರದ ಬೇಲಿ ಕಟ್ಟಿ ನಿಂತರು. ಡಿಸೆಂಬರ್ 3ರ ಬೆಳಗಿನ ಜಾವ ಸೈನ್ಯ ನುಗ್ಗಿತು. 20ಕ್ಕೂ ಹೆಚ್ಚು ಜನ ಸತ್ತರು. ಮಾರನೆಯ ವರ್ಷ ಈ ಮೈನರ್ಸ್ ರೈಟ್ ಬಂತು, ವರ್ಷಕ್ಕೆ ಒಂದು ಪೌಂಡ್, ಜೊತೆಗೆ ಓಟಿನ ಹಕ್ಕು. ಅಷ್ಟು ಜನ ಪ್ರಾಣ ಕೊಟ್ಟು ತಂದ ಹಕ್ಕನ್ನು ನಾನು ಮಗನ ಸೋಫಾದಲ್ಲಿ ಕೂತು, ಚಕ್ಕುಲಿ ಕಡಿಯುತ್ತಾ ಪಡೆದೆ. ಮಗ ಅದನ್ನು ಫ್ಯಾಮಿಲಿ ಗ್ರೂಪಿಗೆ ಹಾಕಿದ. ಹನ್ನೊಂದು ಜನ ಕಂಗ್ರಾಜ್ಯುಲೇಷನ್ಸ್ ಅಂದರು. ಷಡ್ಡಕರೊಬ್ಬರು ನನಗೆ ಆಸ್ಟ್ರೇಲಿಯಾದಲ್ಲಿ ಕೆಲಸ ಸಿಕ್ಕಿತು ಅಂದುಕೊಂಡರು.

ಮೊದಲು ಹೋದದ್ದು ಬಲ್ಲಾರತ್‌ನ ಸಾವರಿನ್ ಹಿಲ್‌ಗೆ. 1850ರ ದಶಕದ ಗಣಿ ಊರನ್ನು ಹೊಸದಾಗಿ ಕಟ್ಟಿ ನಿಲ್ಲಿಸಿದ್ದಾರೆ, 1970ರಿಂದ ನಡೆಯುತ್ತಿದೆ. ಕುದುರೆ ಗಾಡಿ, ಕಮ್ಮಾರಸಾಲೆ, ಹಳೆ ಕಾಲದ ಬಟ್ಟೆ ತೊಟ್ಟ ಸಿಬ್ಬಂದಿ ಎಲ್ಲ ಇದೆ. ಚೆನ್ನಾಗಿಯೇ ಇದೆ, ಸುಳ್ಳು ಯಾಕೆ ಹೇಳಲಿ. ನಡುವೆ ಒಂದು ತೊರೆ. ಅದರ ಎರಡೂ ದಡದಲ್ಲಿ ಜನ ಕುಕ್ಕರಗಾಲಲ್ಲಿ ಕೂತಿದ್ದಾರೆ. ಚೀನಾದವರು, ಜರ್ಮನಿಯವರು, ಗುಜರಾತಿನವರು, ನಾವು. ಎಲ್ಲರ ಕೈಯಲ್ಲೂ ಒಂದೊಂದು ತಟ್ಟೆ. ಅಷ್ಟು ದೇಶದ ಜನ ಒಟ್ಟಿಗೆ ಕುಕ್ಕರಗಾಲಲ್ಲಿ ಕೂತದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಕೆಂಪು ಅಂಗಿ, ಉದ್ದ ಬೂಟಿನ ಹುಡುಗನೊಬ್ಬ ಹೇಳಿಕೊಟ್ಟ. ಜಲ್ಲಿ ಮಣ್ಣು ಹಾಕಿ, ನೀರಲ್ಲಿ ಮುಳುಗಿಸಿ, ಅಲ್ಲಾಡಿಸಿ, ಸ್ವಲ್ಪ ಓರೆ ಮಾಡಿ. ಹಗುರದ್ದು ಹರಿದು ಹೋಗುತ್ತೆ. ಚಿನ್ನ ನೀರಿಗಿಂತ 19 ಪಟ್ಟು ಭಾರ, ತಳದಲ್ಲಿ ಉಳಿಯುತ್ತೆ. ನಾನು ಓರೆ ಮಾಡಿದೆ. ಎಲ್ಲವೂ ಹರಿದು ಹೋಯಿತು, ನನ್ನ ಕನ್ನಡಕವೂ ಸೇರಿ.

ಹೆಂಡತಿ ಐದು ನಿಮಿಷ ಸುಮ್ಮನೆ ನೋಡುತ್ತಿದ್ದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಕೂತಳು. "ಇದೇನ್ರೀ ಇದು, ಅಕ್ಕಿ ಜಾಲಿಸೋದು ತಾನೆ?" ಅಂದಳು. ರೇಷನ್ ಅಕ್ಕಿಯ ಕಾಲದಲ್ಲಿ ಸಂಸಾರ ಮಾಡಿದ ಕೈ ಅದು. ಅಂಗೈ ಮೇಲೆ ತಟ್ಟೆ, ಮಣಿಕಟ್ಟಿನಲ್ಲಿ ಸಣ್ಣದೊಂದು ಕುಲುಕು, ನೀರು ಅಂಚಿನಲ್ಲಿ ತೆಳ್ಳಗೆ ಜಾರುತ್ತೆ, ಕೆಳಗಿನದು ಕದಲುವುದಿಲ್ಲ. "ಅಲ್ಲಿ ಅಕ್ಕಿ ತಗೊಂಡು ಕಲ್ಲು ಬಿಡ್ತೀವಿ. ಇಲ್ಲಿ ಅಕ್ಕಿ ಚೆಲ್ಲಿ ಕಲ್ಲು ಇಟ್ಕೋಬೇಕು, ಅಷ್ಟೇ" ಅಂದಳು. ತಟ್ಟೆಯ ತಳದಲ್ಲಿ ಕಪ್ಪು ಮರಳು, ಅದರ ಅಂಚಿನಲ್ಲಿ ಮೂರು ಹಳದಿ ಚುಕ್ಕೆ. ಸಾಸಿವೆಯನ್ನು ಎಂಟು ಹೋಳು ಮಾಡಿದರೆ ಒಂದು ಹೋಳು ಎಷ್ಟೋ ಅಷ್ಟು. ಕೆಂಪು ಅಂಗಿಯ ಹುಡುಗ ಬಂದು ನೋಡಿ, ಎಲ್ಲಿ ಕಲಿತಿರಿ ಅಂತ ಇಂಗ್ಲಿಷಿನಲ್ಲಿ ಕೇಳಿದ. "ನ್ಯಾಯಬೆಲೆ ಅಂಗಡಿ" ಅಂದಳು, ಕನ್ನಡದಲ್ಲೇ.

ಆ ಚಿನ್ನ ತೊರೆಗೆ ಎಲ್ಲಿಂದ ಬಂತು? ಅವರೇ ಹಾಕುತ್ತಾರೆ. ಗುಟ್ಟೇನಿಲ್ಲ, ಕೇಳಿದರೆ ನಗುತ್ತಾ ಹೇಳುತ್ತಾರೆ. ನಮ್ಮ ಮದುವೆಯಲ್ಲಿ ಬಿಂದಿಗೆಗೆ ಉಂಗುರ ಹಾಕಿ ಗಂಡು ಹೆಣ್ಣಿನ ಕೈಯಲ್ಲಿ ಹುಡುಕಿಸುತ್ತಾರಲ್ವಾ, ಅದೇ ಶಾಸ್ತ್ರ. ವ್ಯತ್ಯಾಸ ಇಷ್ಟೇ. ಅಲ್ಲಿ ಉಂಗುರ ಮನೆಯವರದು. ಇಲ್ಲಿ ಟಿಕೆಟ್ಟಿನ ಲೆಕ್ಕದಲ್ಲಿ ಉಂಗುರವೂ ನಮ್ಮದೇ, ಬಿಂದಿಗೆ ಬಾಡಿಗೆಯೂ ನಮ್ಮದೇ. ಸಿಕ್ಕಿದಾಗ ಚಪ್ಪಾಳೆಯನ್ನೂ ನಾವೇ ತಟ್ಟಿಕೊಳ್ಳಬೇಕು.

ಮೂರು ಚುಕ್ಕೆ ಹಾಕಿಕೊಳ್ಳಲು ಒಂದು ಪುಟ್ಟ ಗಾಜಿನ ಶೀಷೆ ಕೊಂಡೆವು. ನೀರು ತುಂಬಿದರೆ ಒಳಗಿನ ಕಣ ದೊಡ್ಡದಾಗಿ ಕಾಣುತ್ತೆ. ಊರಿಗೆ ಫೋಟೋ ಕಳಿಸಲು ಅಷ್ಟು ಸಾಕು.

ಅಲ್ಲಿ ಕೂತಾಗ ನನಗೆ ವಾರೆನ್ ನೆನಪಾದ. 1802ರಲ್ಲಿ ನಮ್ಮ ಕೋಲಾರದ ಕಡೆ ಬಂದ ಬ್ರಿಟಿಷ್ ಲೆಫ್ಟಿನೆಂಟ್ ಅವನು. ಈ ನೆಲದಲ್ಲಿ ಚಿನ್ನ ತೋರಿಸಿದವರಿಗೆ ಬಹುಮಾನ ಅಂತ ಸಾರಿದ. ಹಳ್ಳಿಯವರು ಎತ್ತಿನ ಗಾಡಿಯಲ್ಲಿ ಮಣ್ಣು ತುಂಬಿಕೊಂಡು ಬಂದು, ಅವನ ಎದುರಿಗೇ ತೊಳೆದು, ಚಿನ್ನದ ಪುಡಿ ತೋರಿಸಿದರು. ಅಂದರೆ ಆ ಕಾಲದಲ್ಲಿ ಮಣ್ಣು ತೊಳೆದ ನಮ್ಮವರಿಗೆ ಬಿಳಿಯ ಸಾಹೇಬನೇ ದುಡ್ಡು ಕೊಡುತ್ತೇನೆ ಅಂದಿದ್ದ. 200 ವರ್ಷ ಕಳೆದು ನಾವು ಎಷ್ಟು ಮುಂದೆ ಬಂದಿದ್ದೇವೆ ನೋಡಿ, ಮಣ್ಣು ತೊಳೆಯಲು ನಾವೇ ಅವರಿಗೆ ದುಡ್ಡು ಕೊಡುತ್ತೇವೆ.

ಅಷ್ಟು ಹಿಂದಕ್ಕೂ ಹೋಗಬೇಕಿಲ್ಲ. ಬೆಂಗಳೂರಿನ ನಗರ್ತಪೇಟೆಗೆ ಬೆಳಕು ಹರಿಯುವ ಮುಂಚೆ ಹೋದರೆ, ಚಿನ್ನದ ಕೆಲಸದ ಅಂಗಡಿಗಳ ಮುಂದೆ ಬ್ರಷ್ಷು, ಬಾಂಡ್ಲಿ ಹಿಡಿದವರು ಕಾಣುತ್ತಾರೆ. ರಸ್ತೆಯ ಧೂಳು ಗುಡಿಸುತ್ತಾರೆ, ಚರಂಡಿಯ ಕೆಸರು ಬಳಿಯುತ್ತಾರೆ, ಬಾಂಡ್ಲಿಯಲ್ಲಿ ತೊಳೆದು ಚಿನ್ನದ ಹುಡಿ ತೆಗೆಯುತ್ತಾರೆ. ಜಲಗಾರರು ಅಂತ ಅವರ ಹಳೆಯ ಹೆಸರು. ಅದೇ ತಟ್ಟೆ, ಅದೇ ಕುಲುಕು. ಅವರ ಪಕ್ಕ ಹಾಯುವಾಗ ನಾವು ಮೂಗು ಮುಚ್ಚಿಕೊಳ್ಳುತ್ತೇವೆ. ಬಲ್ಲಾರತ್‌ನಲ್ಲಿ ಸೆಲ್ಫಿ ತೆಗೆದುಕೊಳ್ಳುತ್ತೇವೆ. ಕೆಲಸ ಒಂದೇ ಆದರೂ ಸಂಜೆ ಅಕ್ಕಿ ತರಲು ಮಾಡಿದರೆ ಬಡತನ, ಅದಕ್ಕೆ ಟಿಕೆಟ್ ತಗೊಂಡರೆ ಹಾಬಿ.

ಮಗನಿಗೆ ಮೂರು ಚುಕ್ಕೆ ಸಾಲಲಿಲ್ಲ. ಮಾರನೆಯ ದಿನ ಡನೊಲಿ, ಮೊಲಿಯಾಗಲ್ ಕಡೆ ಹೊರಟೆವು. ಅಲ್ಲಿ 1869ರಲ್ಲಿ ಇಬ್ಬರಿಗೆ 'ವೆಲ್ಕಮ್ ಸ್ಟ್ರೇಂಜರ್' ಎಂಬ ಚಿನ್ನದ ಗಟ್ಟಿ ಸಿಕ್ಕಿತ್ತು. ಸುಮಾರು 72 ಕಿಲೋ. ನೆಲದಿಂದ ಬರೀ 3 ಸೆಂಟಿಮೀಟರ್ ಕೆಳಗೆ, ಮರದ ಬೇರಿನ ಹತ್ತಿರ. ಡನೊಲಿಯಲ್ಲಿ ಅಷ್ಟು ದೊಡ್ಡ ತಕ್ಕಡಿ ಇಲ್ಲದೆ ಕಮ್ಮಾರನ ಅಡಿಗಲ್ಲಿನ ಮೇಲಿಟ್ಟು ಒಡೆದು ತೂಗಿದರು. ಸಿಕ್ಕಿದವರು ಕಾರ್ನ್‌ವಾಲ್ ಕಡೆಯವರು. ಆ ಕಡೆಯ ಗಣಿಗಾರರು ಮುಂದೆ ನಮ್ಮ ಕೆಜಿಎಫ್‌ಗೂ ಬಂದರು. ದೊಡ್ಡಪ್ಪನ ಮೇಸ್ತ್ರಿಯ ಮೇಸ್ತ್ರಿಗಳು ಅನ್ನಿ.

ಈ 3 ಸೆಂಟಿಮೀಟರ್ ಇದೆಯಲ್ಲ, ಅದೇ ಜನರ ತಲೆ ಕೆಡಿಸಿರುವುದು. ಜೊತೆಗೆ 1980ರ ಕಥೆ ಬೇರೆ. ಕಿಂಗೋವರ್ ಹತ್ತಿರ ಒಬ್ಬರಿಗೆ, ನೆಲದೊಳಗಿನ ಲೋಹ ಹುಡುಕುವ ಡಿಟೆಕ್ಟರಿನಲ್ಲೇ, 27 ಕಿಲೋ ಗಟ್ಟಿ ಸಿಕ್ಕಿತು. ಅದನ್ನು ಕೊಂಡದ್ದು ಲಾಸ್ ವೇಗಸ್‌ನ ಒಂದು ಕ್ಯಾಸಿನೊ. ಜೂಜಿನಲ್ಲಿ ಸಿಕ್ಕಿದ್ದು ಜೂಜಿನ ಮನೆಗೇ ಹೋಗಿ ಸೇರಿತು.

ಒಳ್ಳೆಯ ಡಿಟೆಕ್ಟರು 10,000 ಆಸ್ಟ್ರೇಲಿಯನ್ ಡಾಲರ್ ಆಸುಪಾಸು. ನಮ್ಮ ದುಡ್ಡಲ್ಲಿ ಐದು ಲಕ್ಷ ದಾಟುತ್ತೆ. ಅಷ್ಟು ದುಡ್ಡಿಗೆ ಚಿಕ್ಕಪೇಟೆಯಲ್ಲಿ ಡಿಟೆಕ್ಟರ್ ಇಲ್ಲದೆಯೇ ಚಿನ್ನ ಸಿಗುತ್ತೆ, ಅದೂ ಹಾಲ್‌ಮಾರ್ಕ್ ಇರುವುದು, ಜೊತೆಗೆ ತಣ್ಣನೆ ಬಾದಾಮಿ ಹಾಲು. ಮಗನಿಗೆ ಹೇಳಿದೆ. "ಎಕ್ಸ್‌ಪೀರಿಯೆನ್ಸ್ ಅಪ್ಪಾ" ಅಂದ. ಬಾಡಿಗೆಗೆ ಒಂದು ತಂದ.

ಬೇಸಿಗೆ. ನೊಣ ಅಂದರೆ ನೊಣ, ಮೂಗಿನೊಳಗೆ ಮನೆ ಮಾಡುವ ನೊಣ. ತಲೆಗೆ ಬಲೆಯ ಟೋಪಿ ಹಾಕಿಕೊಂಡು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ನಿಂತರೆ, ಜೇನು ಕೀಳಲು ಬಂದವನು ರೇಡಿಯೋ ಕೇಳುವ ಹಾಗೆ ಕಾಣುತ್ತಿದ್ದೆ. ಡಿಟೆಕ್ಟರಿನ ತಟ್ಟೆಯನ್ನು ನೆಲಕ್ಕೆ ಸವರಿದ ಹಾಗೆ ಎಡಕ್ಕೂ ಬಲಕ್ಕೂ ಬೀಸಬೇಕು, ನಿಧಾನಕ್ಕೆ. ಕಿವಿಯಲ್ಲಿ ಗುಂಯ್ ಅನ್ನುವ ಒಂದೇ ಶ್ರುತಿ. ಲೋಹ ಸಿಕ್ಕರೆ ಶ್ರುತಿ ಏರುತ್ತೆ.

ಏರಿತು! ಎದೆಯೂ ಏರಿತು. ಮಗ ಓಡಿ ಬಂದ. ಗಟ್ಟಿ ನೆಲ, ಗುದ್ದಲಿ ಹಾಕಿದರೆ ಕಿಡಿ. ಇಪ್ಪತ್ತು ನಿಮಿಷ ತೋಡಿದೆವು. ಬಿಯರ್ ಡಬ್ಬಿಯ ಕಿವಿ ಸಿಕ್ಕಿತು. ಮತ್ತೆ ಏರಿತು, ಕುದುರೆ ಲಾಳದ ಮೊಳೆ. ಮತ್ತೆ, ಸೀಸದ ಗುಂಡು. ಮತ್ತೆ, ಇನ್ನೊಂದು ಡಬ್ಬಿಯ ಕಿವಿ. ಸಂಜೆಯ ಹೊತ್ತಿಗೆ ಒಂಬತ್ತು ಗುಂಡಿ ತೋಡಿ, ಕಾನೂನಿನ ಪ್ರಕಾರ ಒಂಬತ್ತನ್ನೂ ಮುಚ್ಚಿದ್ದೆವು. ಬೆಟ್ಟ ಅಗೆದವನಿಗೆ ಇಲಿಯಾದರೂ ಸಿಕ್ಕಿತ್ತು. ಹೆಂಡತಿ ಮರದ ನೆರಳಲ್ಲಿ ಪುಳಿಯೋಗರೆ ಬುತ್ತಿ ಬಿಚ್ಚಿ, ಡಬ್ಬಿಯ ಕಿವಿಯನ್ನು ಬೆರಳಿಗೆ ಹಾಕಿ ನೋಡಿಕೊಂಡಳು. "ಚೆನ್ನಾಗಿದೆ. ಮೇಕಿಂಗ್ ಚಾರ್ಜ್ ಎಷ್ಟು ಹಾಕಿದ್ರಿ?"

ಅಷ್ಟರಲ್ಲಿ ಅಕ್ಕನ ಮಗನ ಫೋನು. "ಮಾಮಾ, ಬರೋವಾಗ ನಂಗೂ ಒಂದು ಡಿಟೆಕ್ಟರ್ ತನ್ನಿ. ನಮ್ಮ ತೋಟದ ಹತ್ತಿರ ಹಳೇ ಗುಡಿ ಇದೆಯಲ್ಲ..." ಅವನನ್ನು ಅಲ್ಲೇ ತಡೆದೆ. ಫ್ರಾನ್ಸಿನಲ್ಲಿ ಹಳೆಯ ವಸ್ತು ಹುಡುಕಲು ಡಿಟೆಕ್ಟರ್ ಹಿಡಿಯಬೇಕಾದರೆ ಸರ್ಕಾರದ ಅಪ್ಪಣೆ ಬೇಕು. ಇಂಗ್ಲೆಂಡಿನಲ್ಲಿ ನಿಧಿ ಸಿಕ್ಕರೆ 14 ದಿನದೊಳಗೆ ತಿಳಿಸಬೇಕು. ನಮ್ಮ ದೇಶದಲ್ಲಿ 1878ರ ನಿಧಿ ಕಾಯ್ದೆ ಇನ್ನೂ ಇದೆ. ನೆಲದಲ್ಲಿ ಹುದುಗಿದ್ದು 10 ರೂಪಾಯಿಗಿಂತ ಜಾಸ್ತಿ ಬೆಲೆಯದ್ದು ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕು. ತಿಳಿಸದಿದ್ದರೆ ಒಂದು ವರ್ಷದವರೆಗೆ ಜೈಲು. 10 ರೂಪಾಯಿ ಅಂದರೆ ಇವತ್ತು ದರ್ಶಿನಿಯಲ್ಲಿ ಒಂದು ಲೋಟ ಕಾಫಿಯೂ ಬರಲ್ಲ, ಆದರೂ ಕಲೆಕ್ಟರಿಗೆ ಹೇಳಬೇಕು. ಅಮಾವಾಸ್ಯೆ ರಾತ್ರಿ ನಿಂಬೆಹಣ್ಣು ಇಟ್ಟು ಗುಡಿಯ ಬಸವಣ್ಣನನ್ನು ಒಡೆಯುವವರಿಗೆ ನಮ್ಮಲ್ಲಿ ನಿಧಿಗಳ್ಳರು ಅನ್ನುತ್ತಾರೆ, ಅನ್ನಲೇಬೇಕು. "ಹಾಗಾದ್ರೆ ನೀವು ಅಲ್ಲಿ ಮಾಡ್ತಿರೋದು?" ಅಂದ. ಸಿಗ್ನಲ್ ಸರಿ ಇಲ್ಲ ಅಂದೆ.

ಊರಿಗೆ ಬಂದ ಮೇಲೆ ಶೀಷೆ ದೇವರ ಗೂಡಿನಲ್ಲಿ ಕೂತಿತ್ತು. ಬಂದವರೆಲ್ಲ ಎಷ್ಟು ಗ್ರಾಮು ಅಂತ ಕೇಳುತ್ತಾರೆ. ಗ್ರಾಮಿಗೆ ಹತ್ತು ಸಾವಿರ ದಾಟಿರುವ ಕಾಲ, ಕೇಳದೆ ಇರುತ್ತಾರಾ? ಒಂದು ದಿನ ಬೆಂಗಳೂರಿಗೆ ಹೋದಾಗ ನಗರ್ತಪೇಟೆಯ ನಮ್ಮ ಗುರುತಿನ ಆಚಾರಿಯ ಅಂಗಡಿಗೆ ತೆಗೆದುಕೊಂಡು ಹೋದೆವು. ಕರೆಂಟ್ ಇರಲಿಲ್ಲ. ಆತ ಬ್ಯಾಟರಿ ತಕ್ಕಡಿ ತೆಗೆದು, ಕಾಗದದ ಮೇಲೆ ಶೀಷೆ ಬಗ್ಗಿಸಿ, ನೀರನ್ನು ಬಟ್ಟೆಯ ಅಂಚಿನಿಂದ ಹೀರಿದ. ಮೂರು ಚುಕ್ಕೆ ಒಣಗುವವರೆಗೆ ಕಾದು, ಭೂತಗನ್ನಡಿಯಲ್ಲಿ ನೋಡಿದ.

"ಚಿನ್ನವೇ ಸಾರ್, ಮೋಸ ಇಲ್ಲ. ಆದ್ರೆ ತೂಕ ಕಾಗದದ್ದು ಮಾತ್ರ ಬರ್ತಿದೆ."

ಅಷ್ಟರಲ್ಲಿ ಕರೆಂಟ್ ಬಂತು. ತಲೆಯ ಮೇಲಿನ ಫ್ಯಾನು ತಿರುಗಿತು. ಕಾಗದ ಹಾರಿತು. ನಾವು ಮೂವರೂ ಬಗ್ಗಿ ನೆಲ ನೋಡಿದೆವು. ನೆಲ ಬಾಗಿಲ ಕಡೆಗೆ ಇಳಿಜಾರು, ಬಾಗಿಲ ಆಚೆ ಚರಂಡಿ.

"ಬೆಳಗ್ಗೆ ಐದಕ್ಕೆ ಗುಡಿಸೋರು ಬರ್ತಾರೆ ಸಾರ್. ಅವರನ್ನ ಕೇಳಿ, ಅವರ ಕೈಗೆ ಸಿಗದೆ ಇರೋದು ಯಾವುದೂ ಇಲ್ಲ" ಅಂದ ಆಚಾರಿ.

ಬಂಗಾರಪೇಟೆಯಿಂದ ಅಷ್ಟು ಹೊತ್ತಿಗೆ ತಲುಪುವ ಟ್ರೈನು ಯಾವುದು ಅಂತ ಮೊಬೈಲಿನಲ್ಲಿ ನೋಡತೊಡಗಿದೆ. ಹೆಂಡತಿ ಮೊಬೈಲು ಕಿತ್ತುಕೊಂಡಳು.