ಊಟಕ್ಕೆ ಖರ್ಚಾದರೆ ಅದು ಹಾಳಾದ ದುಡ್ಡಾ?

ಹೊರಗೆ ದುಡಿಯುವವರು ಕಳಿಸುವ ಹಣ ಊಟ, ಔಷಧಿಗೇ ಮುಗಿಯುತ್ತದೆ, ಅದರಿಂದ ಬಡವರ ಮನೆ ಮೇಲೇಳುವುದಿಲ್ಲ ಎಂದು ಒಬ್ಬ ಲೇಖಕರು ಬರೆದ ಲೇಖನ ಓದಿದೆ. ಮೊದಲ ಮಾತು ನಿಜ. ಎರಡನೆಯದನ್ನು ಒಪ್ಪಲಾರೆ.

ನಮ್ಮದು ಮಂಡ್ಯ ಹತ್ತಿರದ ಹಳ್ಳಿ, ಒಂದೂವರೆ ಎಕರೆ ಕಬ್ಬು. ತಮ್ಮ ಬೆಂಗಳೂರಿನಲ್ಲಿ ಬಾಡಿಗೆ ಕಾರು ಓಡಿಸುತ್ತಾನೆ. ತಿಂಗಳಿಗೆ ಆರು ಸಾವಿರ ಫೋನ್‌ಪೇ ಮಾಡುತ್ತಾನೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಕಾರ್ಖಾನೆ ದುಡ್ಡು ಕೊಡಬೇಕು. ನಮಗೆ ಒಂದು ಸಲ ಐದು ತಿಂಗಳು ಹಿಡಿಯಿತು. ಅಷ್ಟು ದಿನ ಅಂಗಡಿ ಬಾಕಿ, ಅವ್ವನ ಶುಗರ್ ಮಾತ್ರೆ ಎಲ್ಲಾ ನಡೆದದ್ದು ತಮ್ಮನ ದುಡ್ಡಿನಲ್ಲೇ. ಅದಿಲ್ಲದಿದ್ದರೆ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ಕೈಸಾಲ. ವರ್ಷಕ್ಕೆ ಲೆಕ್ಕ ಹಾಕಿ, ನೂರಕ್ಕೆ 36! ಆ ಬಡ್ಡಿ ಉಳಿದದ್ದು ಸಂಪಾದನೆಯೇ ಅಲ್ವಾ? ಮೊದಲೆಲ್ಲ ಕೈಯಲ್ಲಿ ಕಾಸಿಲ್ಲದೆ ಅಪ್ಪ ಇನ್ನೂ ಬಲಿಯದ ಕಬ್ಬನ್ನೇ ಆಲೆಮನೆಗೆ ಸಿಕ್ಕ ರೇಟಿಗೆ ಕೊಟ್ಟುಬಿಡುತ್ತಿದ್ದರು. ಈಗ ಕಾಯುವ ಧೈರ್ಯ ಬಂದಿದೆ.



ಆ ಲೇಖನದಲ್ಲಿ ಹಣ ಕಳಿಸುವವನ ಲೆಕ್ಕವೇ ಇಲ್ಲ ಎನ್ನುವುದು ನನ್ನ ಬೇಜಾರು. ತಮ್ಮ ಇರುವುದು ಒಂದೇ ರೂಮಿನಲ್ಲಿ, ನಾಲ್ಕು ಜನರ ಜೊತೆ. ಗಾಡಿ ಕೆಟ್ಟು ಹದಿನೈದು ದಿನ ಸುಮ್ನೆ ಕೂತ ತಿಂಗಳೂ ಆರು ಸಾವಿರ ಬಂತು. ಅದು ಗೆಳೆಯನ ಹತ್ತಿರ ಸಾಲ ಮಾಡಿ ಕಳಿಸಿದ್ದು ಎಂದು ನಮಗೆ ತಿಳಿದದ್ದು ಯುಗಾದಿಗೆ ಅವನು ಊರಿಗೆ ಬಂದಾಗ.