ಅದು ಕಳೆ ಅಲ್ಲ, ನಮ್ಮನೆ ಬಸ್ಸಾರು

ಒಂದು ವಾರ ಊರಿಗೆ ಹೋಗಿ ಬರುವಷ್ಟರಲ್ಲಿ ನಮ್ಮ ಹಿತ್ತಲು ಪೂರ್ತಿ ಹಳದಿ ತಿರುಗಿ ಮಲಗಿದೆ. "ಕಳೆ ಜಾಸ್ತಿ ಆಗಿತ್ತು ಮೇಡಂ, ನಮ್ಮ ಸೈಟಿಗೆ ಔಷಧಿ ಹೊಡೆಸುವಾಗ ನಿಮ್ಮದಕ್ಕೂ ಹೊಡೆಸಿಬಿಟ್ಟೆ" ಅಂದರು ಪಕ್ಕದವರು. ಉಪಕಾರ ಅಂದುಕೊಂಡೇ ಮಾಡಿದ್ದಾರೆ, ಗೊತ್ತು. ಆದರೂ ಬೆಳಗ್ಗೆಯಿಂದ ಹೊಟ್ಟೆ ಉರೀತಿದೆ.

ಯಾವುದ್ರೀ ಕಳೆ? ಎರಡು ಮಳೆಗೆ ತಾನಾಗೇ ಎದ್ದಿದ್ದ ಅಣ್ಣೇಸೊಪ್ಪು, ಗೋಣಿಸೊಪ್ಪು, ಹೊನಗೊನೆ, ಕಲ್ಲಿನ ಸಂದಿಯಲ್ಲಿ ಗಣಿಕೆ. ಭಾನುವಾರದ ಬಸ್ಸಾರಿಗೆ ಅಂತ ಕಾದಿದ್ದೆ. ಎಳೇ ಕುಡಿ ಮಾತ್ರ ಚಿವುಟಿ, ಬೋಗುಣಿಯ ತಳದಲ್ಲಿ ಮಣ್ಣು ಕಾಣದಷ್ಟು ಸಲ ತೊಳೆದು, ಅರೆಬೆಂದ ತೊಗರಿಬೇಳೆಗೆ ಹಾಕಿ ಬೇಯಿಸಿ ಬಸಿದರೆ ಬರುವ ಆ ಕಟ್ಟು! ಅದರಲ್ಲೇ ಒಂದು ಸೌಟು ಬೆಂದ ಸೊಪ್ಪು ತೆಗೆದು ಕಾಯಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆಹಣ್ಣಿನ ಜೊತೆ ರುಬ್ಬಿ ಕಟ್ಟಿಗೆ ಬೆರೆಸಿ ಕುದಿಸಬೇಕು. ಮಿಕ್ಕಿದ್ದು ಪಲ್ಯಕ್ಕೆ. ಬೆರಕೆ ಸೊಪ್ಪಿನ ಈ ರುಚಿ ಒಂದೇ ಸೊಪ್ಪಿಗೆ ಯಾವತ್ತೂ ಬರಲ್ಲ. ಬಿಸಿ ಮುದ್ದೆಗೆ ಇದಕ್ಕಿಂತ ಇನ್ನೇನು ಬೇಕು?

"ಹುಲ್ಲು ಬೆಳೆದರೆ ಹಾವು ಬರುತ್ತೆ" ಅಂತಾರೆ. ಸರಿ, ಹಾಗಿದ್ದರೆ ಕುಡುಗೋಲಲ್ಲಿ ಕುಯ್ಯಿಸಿ. ಕುಯ್ದಿದ್ದು ಮತ್ತೆ ಚಿಗುರುತ್ತೆ. ವಿಷ ಯಾಕೆ? ಅದೇ ಹೊನಗೊನೆಯನ್ನ ಮಾರ್ಕೆಟ್ಟಿನಲ್ಲಿ ಕಟ್ಟಿನ ಲೆಕ್ಕದಲ್ಲಿ ದುಡ್ಡು ಕೊಟ್ಟು, ಕಣ್ಣಿಗೆ ಒಳ್ಳೇದು ಅಂತ ತರೋರೂ ನಾವೇ. ಗ್ಲೈಫೋಸೇಟ್ ಅನ್ನೋ ಕಳೆನಾಶಕದ ಬಳಕೆಗೆ ಕೇಂದ್ರ ಸರ್ಕಾರವೇ 2022ರಲ್ಲಿ ನಿರ್ಬಂಧ ಹಾಕಿ ಆದೇಶ ಹೊರಡಿಸಿತ್ತು. ನಮ್ಮ ಬೀದಿಯಲ್ಲಿ ಮಾತ್ರ ಡಬ್ಬದಲ್ಲಿ ಏನಿದೆ ಅಂತ ಹೊಡೆಯೋನಿಗೂ ಗೊತ್ತಿಲ್ಲ, ಹೊಡೆಸೋರಿಗೂ ಗೊತ್ತಿಲ್ಲ.

ಒಂದು ಮಾತು ಹೇಳಿಬಿಡ್ತೀನಿ. ಹತ್ತು ವರ್ಷದ ಹಿಂದೆ ನೆಂಟರು ಬರ್ತಾರೆ ಅಂತ ಇದೇ ಹಿತ್ತಲನ್ನ ನಾನೇ ಬುಡಸಮೇತ ಕೆತ್ತಿಸಿದ್ದೆ. ಅಮ್ಮ ಏನೂ ಅನ್ನಲಿಲ್ಲ. ಗುಡ್ಡೆ ಹಾಕಿದ್ದ ಕಸದ ಮುಂದೆ ಕೂತು ಗಣಿಕೆ ಕಾಯಿ ಒಂದೊಂದೇ ಬಿಡಿಸಿಕೊಂಡರು. ಉಪ್ಪು ಹಾಕಿದ ಹುಳಿ ಮಜ್ಜಿಗೆಯಲ್ಲಿ ನೆನೆಸಿ, ಹಗಲು ಬಿಸಿಲಿಗೆ, ರಾತ್ರಿ ಮತ್ತೆ ಅದೇ ಮಜ್ಜಿಗೆಗೆ. ಮಜ್ಜಿಗೆ ಪೂರ್ತಿ ಹೀರಿಕೊಂಡ ಮೇಲೆ ಗಲಗಲ ಅನ್ನೋವರೆಗೆ ಒಣಗಿಸಿ ಡಬ್ಬಿಗೆ ತುಂಬಿದರು. ಎಣ್ಣೆಯಲ್ಲಿ ಕರಿದು ಮೊಸರನ್ನಕ್ಕೆ ಕೊಟ್ಟಾಗ ನನಗೆ ತಲೆ ಎತ್ತೋಕೆ ಆಗಲಿಲ್ಲ. ಈಗ ಅಮ್ಮ ಇಲ್ಲ. ಅವತ್ತಿಂದ ಪ್ರತಿ ವರ್ಷ ನಾನೇ ಒಣಗಿಸ್ತಿದ್ದೆ. ಡಬ್ಬಿಯಲ್ಲಿ ಹೋದ ವರ್ಷದ್ದು ಒಂದು ಹಿಡಿ ಇದೆ, ಅಷ್ಟೇ.

ಮೈಸೂರಿನಲ್ಲಿ ಯಾರ ಹಿತ್ತಲಲ್ಲಾದರೂ ಔಷಧಿ ಬೀಳದ ಅಣ್ಣೇಸೊಪ್ಪು ಇದ್ದರೆ ಹೇಳಿ, ನಾನೇ ಬಂದು ಕುಯ್ದುಕೊಂಡು ಹೋಗ್ತೀನಿ. ಹಣ್ಣಾದ ಗಣಿಕೆ ನಾಲ್ಕು ಸಿಕ್ಕರೂ ಸಾಕು, ಬೀಜಕ್ಕೆ.