ಲ್ಯೂಪಿನ್ ಗಿಡವೂ ಸೋಲಿಗರ ತರಗು ಬೆಂಕಿಯೂ

ನ್ಯೂಯಾರ್ಕ್ ರಾಜ್ಯದ ಆಲ್ಬನಿಯಲ್ಲಿ ನಮ್ಮ ಹಿತ್ತಿಲು ಬರೀ ಮರಳು. ಮೂರು ವರ್ಷದ ಹಿಂದೆ, ಹಿಮ ಬೀಳುವ ಮೊದಲು, ಅಲ್ಲಿ ಕಾಡು ಲ್ಯೂಪಿನ್ ಬೀಜ ಊರಿದೆ. ಸಿಪ್ಪೆ ಗಟ್ಟಿ, ಉಪ್ಪುಕಾಗದದಲ್ಲಿ ಉಜ್ಜಿ ಹಾಕಬೇಕು. ತಾಯಿಬೇರು ಆಳಕ್ಕಿಳಿಯುವುದರಿಂದ ಕಿತ್ತು ನೆಟ್ಟರೆ ಹಿಡಿಯುವುದು ಕಷ್ಟ. ತೊಗರಿ, ಅವರೆಯ ಬಳಗದ್ದೇ ಇದು, ಬೇರಿನ ಗಂಟುಗಳಿಂದ ತನ್ನ ಸಾರಜನಕ ತಾನೇ ಹೊಂದಿಸಿಕೊಳ್ಳುತ್ತದೆ. ಗೊಬ್ಬರ ಬೇಡ, ಬಿಸಿಲು ಬೇಕು. ಈ ಮೇ ತಿಂಗಳಲ್ಲಿ ಮೊದಲ ನೀಲಿ ಹೂಗೊನೆ ಬಂತು.

"ಕಾಯಿ ತಿನ್ನಂಗಿಲ್ಲ ಅಂದ್ಮೇಲೆ ಯಾಕಪ್ಪ ಬೆಳೀತೀಯ?" ಎಂದು ಅಮ್ಮ ಯಳಂದೂರಿನಿಂದ ಕೇಳಿದರು. ಚಿಟ್ಟೆಗಮ್ಮ ಎಂದೆ. ಇಲ್ಲೇ ಪಕ್ಕದ ಕಾರ್ನರ್ ಎಂಬ ಊರಿನ ಹೆಸರು ಹೊತ್ತ ಕಾರ್ನರ್ ಬ್ಲೂ, ರೆಕ್ಕೆ ಬಿಚ್ಚಿದರೆ ಒಂದಂಗುಲ. ಅದರ ಹುಳು ಈ ಎಲೆ ಬಿಟ್ಟು ಬೇರೇನೂ ತಿನ್ನುವುದಿಲ್ಲ. 1992ರಿಂದ ಅಮೆರಿಕದ ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿದೆ. ನರ್ಸರಿಯ ಬಣ್ಣಬಣ್ಣದ ಲ್ಯೂಪಿನ್ ಪಶ್ಚಿಮ ಅಮೆರಿಕದ ತಳಿಯಿಂದ ಬಂದದ್ದು; ಚೆಂದವೆಂದು ಅದನ್ನು ತಂದು ನೆಟ್ಟರೆ ಈ ಚಿಟ್ಟೆಗೆ ಉಪಯೋಗವಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಬೆಂಕಿ. ಮರಗಿಡ ಕವಿದು ನೆರಳಾದರೆ ಲ್ಯೂಪಿನ್ ಸೊರಗುತ್ತದೆ. ಆದ್ದರಿಂದ ಆಲ್ಬನಿ ಪೈನ್ ಬುಷ್ ಸಂರಕ್ಷಿತ ಪ್ರದೇಶದಲ್ಲಿ ಗಾಳಿ, ತೇವ ನೋಡಿಕೊಂಡು ಸಿಬ್ಬಂದಿಯೇ ಬೆಂಕಿ ಹಾಕುತ್ತಾರೆ. ಅದೂ ತುಂಡು ತುಂಡಾಗಿ, ಯಾಕೆಂದರೆ ಬೇಸಿಗೆಯಲ್ಲಿಟ್ಟ ಮೊಟ್ಟೆ ಚಳಿಗಾಲವಿಡೀ ನೆಲದ ಹತ್ತಿರವೇ ಇರುತ್ತದೆ. ಎಲ್ಲವನ್ನೂ ಒಮ್ಮೆಗೇ ಸುಟ್ಟರೆ ವಸಂತಕ್ಕೆ ಹುಳುವೇ ಇಲ್ಲ.

ಇದನ್ನು ನೋಡಿದಾಗಲೆಲ್ಲ ನಮ್ಮೂರ ಮೇಲಿನ ಬಿಳಿಗಿರಿರಂಗನ ಬೆಟ್ಟ ನೆನಪಾಗುತ್ತದೆ. ಉದುರಿದೆಲೆಯಷ್ಟೇ ಉರಿದು ಆರುವ ತರಗು ಬೆಂಕಿಯನ್ನು ಆ ಬೆಟ್ಟದ ಆದಿವಾಸಿಗಳಾದ ಸೋಲಿಗರು ಹಾಕುತ್ತಿದ್ದರು. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು, ಬೆಂಕಿ ಅಪರಾಧವಾಯಿತು. ಹೊರಗಿನಿಂದ ಬಂದ ಲಂಟಾನ ಪೊದೆ ಕಾಡನ್ನು ಮುಚ್ಚಿದ್ದು, ನೆಲ್ಲಿಮರಗಳಿಗೆ ಬಂದಳಿಕೆ ಹತ್ತಿದ್ದು ಆಮೇಲೆಯೇ ಎಂದು ಅವರು ಹೇಳುತ್ತಲೇ ಬಂದಿದ್ದಾರೆ. ಒಣಗಿದ ಲಂಟಾನಕ್ಕೆ ಈಗ ಕಿಡಿ ತಾಗಿದರೆ ಅದು ತರಗು ಬೆಂಕಿಯಾಗಿ ಉಳಿಯುವುದಿಲ್ಲ, ಮರಕ್ಕೇ ಏರುತ್ತದೆ. ಆ ಭಯ ನನಗೂ ಇದೆ.

ಆದರೂ ಕೇಳುತ್ತೇನೆ: ಇಲ್ಲಿ ಬೆಂಕಿ ಹಾಕುವುದು ತರಬೇತಿ ಪಡೆದವರ ಕೆಲಸವಾದರೆ, ಎಲ್ಲಿ, ಯಾವಾಗ, ಎಷ್ಟು ಎಂದು ತಲೆಮಾರುಗಳಿಂದ ಬಲ್ಲವರನ್ನು ಅಲ್ಲಿ ಯಾಕೆ ದೂರ ಇಡಬೇಕು? ಲಂಟಾನ ಕಿತ್ತ ಒಂದೇ ಒಂದು ತುಂಡಿನಲ್ಲಾದರೂ ಅರಣ್ಯ ಇಲಾಖೆ ಸೋಲಿಗರ ಜೊತೆ ನಿಂತು ತರಗು ಬೆಂಕಿ ಹಾಕಿ ನೋಡಲಿ.